ತುಂಗಕ್ಕನಿಗೆ ಒಂದು ಲೋಟ ಬೆರಕೆ

ನಮ್ಮೂರಿನಲ್ಲಿ ಗುಳ್ಳೆ ವೈನಿನ ಬಿರಡೆ ತೆಗೆಯುವ ಮೊದಲು ಫ್ಯಾನು ಆರಿಸುತ್ತಾರೆ. ಕಿಟಕಿ ಮುಚ್ಚುತ್ತಾರೆ. ಒಲೆಯ ಮೇಲೆ ಹಾಲಿದ್ದರೆ ಇಳಿಸಿ ಬರುತ್ತಾರೆ, ಕುಡಿದ ಮೇಲೆ ಬಗ್ಗಿ ಒಲೆ ಆರಿಸುವುದು ಅಷ್ಟು ಸುಲಭವಲ್ಲ. ಒಂದು ಲೋಟ ಕುಡಿದರೆ ಮನುಷ್ಯ ನೆಲದಿಂದ ಒಂದು ಗೇಣು ಮೇಲೇಳುತ್ತಾನೆ. ಎರಡು ಲೋಟಕ್ಕೆ ಒಂದು ಮೊಳ. ಮೂರು ಕುಡಿದವರನ್ನು ಬಾಗಿಲಾಚೆ ಬಿಡುವುದಿಲ್ಲ. ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಮೆಲ್ಲಗೆ ಇಳಿಯುತ್ತಾರೆ, ಇಳಿದ ಮೇಲೆ ಚಪ್ಪಲಿ ಹುಡುಕುತ್ತಾರೆ. ಎಲ್ಲರ ಮನೆಯ ಗೋಡೆಗೂ ಸೊಂಟದ ಎತ್ತರಕ್ಕೆ ಹಗ್ಗ ಬಿಗಿದಿರುತ್ತದೆ, ಹಿಡಿದುಕೊಂಡು ಓಡಾಡಲು. ನೆಂಟರು ಬಂದರೆ ನಾವು ಕೇಳುವುದು ಒಂದೇ ಮಾತು: "ಮೇಲೋ, ಕೆಳಗೋ?" ಕೆಳಗೆ ಅಂದರೆ ಕಾಫಿ.

ನಾನು ದರ್ಜಿ. ಹೆಸರು ಅಚ್ಯುತ, ಊರವರಿಗೆ ಅಚ್ಚಣ್ಣ. ರವಿಕೆ, ಅಂಗಿ ಎಲ್ಲ ಹೊಲಿಯುತ್ತೇನೆ, ಆದರೆ ನನ್ನ ಹೆಸರು ನಿಂತಿರುವುದು ಅಂಚಿನ ಕೆಲಸಕ್ಕೆ. ಸೀರೆಯ ಅಂಚಿಗೆ, ಪಂಚೆಯ ಅಂಚಿಗೆ ಮೆಣಸಿನ ಕಾಳಿನಷ್ಟು ಸಣ್ಣ ಸೀಸದ ಗುಂಡು ಸಾಲಾಗಿ ಹೊಲಿದು ಕೊಡುತ್ತೇನೆ. ಮೇಲೆದ್ದವರ ಬಟ್ಟೆ ಹಾರಬಾರದಲ್ಲ. ಮದುವೆಯ ದಿನಗಳಲ್ಲಿ ನನಗೆ ಊಟಕ್ಕೂ ಬಿಡುವಿರುವುದಿಲ್ಲ.

ನನಗಿಂತ ಎಂಟು ವರ್ಷ ದೊಡ್ಡವಳಾದ ನನ್ನ ಅಕ್ಕ ತುಂಗಾ ಮಾತ್ರ ಆ ವೈನನ್ನು ಒಂದು ಹನಿಯೂ ಬಾಯಿಗೆ ಹಾಕಿದವಳಲ್ಲ. ಅವಳು ಮೂವತ್ತೊಂದು ವರ್ಷ ದುಡಿದದ್ದೇನೋ ಗುಡ್ಡದ ಮೇಲಿನ ವೈನಿನ ನೆಲಮಾಳಿಗೆಯಲ್ಲೇ. ಅಲ್ಲಿ ತೂತು ಕೊರೆದ ಮರದ ಹಲಗೆಗಳಲ್ಲಿ ಬಾಟಲಿಗಳನ್ನು ಕತ್ತು ಕೆಳಗೆ ಮಾಡಿ ಸಿಕ್ಕಿಸಿರುತ್ತಾರೆ. ದಿನಕ್ಕೊಮ್ಮೆ ಪ್ರತಿಯೊಂದನ್ನೂ ಹಿಡಿದು ಒಂಚೂರು ತಿರುಗಿಸಬೇಕು. ಹಾಗೆ ವಾರಗಟ್ಟಲೆ ತಿರುಗಿಸಿದರೆ ಒಳಗಿನ ಗಸಿಯೆಲ್ಲ ಜಾರಿ ಬಾಟಲಿಯ ಬಾಯಿಗೆ ಬಂದು ಕೂರುತ್ತದೆ, ವೈನು ತಿಳಿಯಾಗುತ್ತದೆ. ಅಕ್ಕ ಬಲಗೈಯಲ್ಲೊಂದು ಎಡಗೈಯಲ್ಲೊಂದು, ಹೀಗೆ ಎರಡೆರಡು ಬಾಟಲಿ ಒಟ್ಟಿಗೆ ತಿರುಗಿಸುತ್ತಿದ್ದಳು. ಮದುವೆ ಮಾಡಿಕೊಳ್ಳಲಿಲ್ಲ. ಗುಡ್ಡದ ಮೇಲೆಯೇ ಒಂದು ಕೋಣೆಯಲ್ಲಿದ್ದು ಹಬ್ಬಕ್ಕೆ ಮಾತ್ರ ಕೆಳಗೆ ನಮ್ಮ ಮನೆಗೆ ಬರುತ್ತಿದ್ದಳು.

ಎರಡು ವರ್ಷದ ಕೆಳಗೆ ನೆಲಮಾಳಿಗೆಯ ಒದ್ದೆ ಮೆಟ್ಟಿಲಲ್ಲಿ ಜಾರಿದಳು. ಬೆನ್ನುಮೂಳೆಗೆ ಪೆಟ್ಟಾಗಿ ಸೊಂಟದ ಕೆಳಗೆ ಶಕ್ತಿ ಹೋಯಿತು. ಅವಳನ್ನು ನಮ್ಮ ಮನೆಗೆ ಕರೆತಂದೆವು, ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿದೆವು. ಗಾಲಿಕುರ್ಚಿ ತಂದೆ. ಆದರೆ ನಮ್ಮೂರು ಪೂರಾ ಮೆಟ್ಟಿಲು. ಬಾಗಿಲು ದಾಟಿದರೆ ಮೇಲಕ್ಕೆ ಹೋಗಬೇಕು, ಇಲ್ಲ ಕೆಳಕ್ಕೆ ಹೋಗಬೇಕು. ಕುರ್ಚಿಯ ಮೇಲೆ ನನ್ನ ಹೆಂಡತಿ ಕುಸುಮಾ ಇಸ್ತ್ರಿ ಬಟ್ಟೆ ಇಡತೊಡಗಿದಳು. ಒಮ್ಮೆ ಆಸ್ಪತ್ರೆಗೆಂದು ನಾಲ್ಕು ಜನ ಅಕ್ಕನನ್ನು ಹೊತ್ತುಕೊಂಡು ಹೋದರು. ಬಂದ ಮೇಲೆ ಅವಳು, "ಬದುಕಿರುವಾಗಲೇ ನಾಲ್ಕು ಹೆಗಲು ಕಂಡಾಯ್ತು. ಇನ್ನೊಂದು ಸಲ ಬೇಡ" ಅಂದಳು. ಮತ್ತೆ ಹೊಸ್ತಿಲು ದಾಟಲಿಲ್ಲ.

ಒಂದು ಭಾನುವಾರ ಫಿಲೋಮಿನಾ ಬಾಯಿ ಬಂದರು. ನೆಲಮಾಳಿಗೆಯಲ್ಲಿ ಅಕ್ಕನ ಎದುರು ಸಾಲಿನಲ್ಲಿ ಬಾಟಲಿ ತಿರುಗಿಸುತ್ತಿದ್ದವರು, ಈಗಲೂ ಅಲ್ಲೇ ಕೆಲಸಕ್ಕಿದ್ದಾರೆ. ಮನೆ ನೆಲಮಾಳಿಗೆಗಿಂತ ಹತ್ತು ಮೆಟ್ಟಿಲು ಮೇಲೆ. ತಿಂಗಳಿಗೊಮ್ಮೆ ಅಕ್ಕನನ್ನು ನೋಡಲು ಇಳಿದು ಬರುತ್ತಾರೆ. ಆವತ್ತು ಬಂದವರು ಕಾಫಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, "ತುಂಗಾ, ಹಲಗೆ ಎಲ್ಲ ತೆಗೀತಾರಂತೆ. ನಾಳೆಯಲ್ಲ, ಮುಂದಿನ ಸೋಮವಾರ. ಮೆಷಿನ್ ಬಂದಿದೆ, ಐನೂರು ಬಾಟಲಿ ಒಟ್ಟಿಗೆ ತಿರುಗಿಸುತ್ತೆ. ನನ್ನನ್ನ ಲೇಬಲ್ ಅಂಟಿಸೋಕೆ ಹಾಕಿದಾರೆ" ಅಂದರು.

ಅಕ್ಕ, "ಓ" ಅಂದಳು. ಅಷ್ಟೇ. ಫಿಲೋಮಿನಾ ಬಾಯಿ ಹೋದ ಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು, ಊಟಕ್ಕೂ ಏಳಲಿಲ್ಲ. ಮಧ್ಯಾಹ್ನ ನಾನು ನೀರಿಡಲು ಹೋದಾಗ ನಿದ್ದೆಯಲ್ಲಿದ್ದಳು. ಹೊದಿಕೆಯ ಮೇಲೆ ಅವಳ ಎರಡೂ ಕೈ ಬಾಟಲಿ ಹಿಡಿದ ಹಾಗೆ ಒಂದೇ ತಾಳದಲ್ಲಿ ತಿರುಗುತ್ತಿದ್ದವು. ಎಡಕ್ಕೆ ಒಂದು, ಬಲಕ್ಕೆ ಒಂದೂವರೆ.

ಎದ್ದ ಮೇಲೆ ಕೇಳಿಯೇ ಬಿಟ್ಟೆ. "ಅಕ್ಕ, ಒಂದು ಲೋಟ ಕುಡಿ. ಹಲಗೆ ತೆಗೆಯೋ ಮೊದಲು ನಾನು ನೆಲಮಾಳಿಗೆಗೆ ಕರಕೊಂಡು ಹೋಗ್ತೀನಿ. ಹೆಗಲು ಬೇಡ, ಕುರ್ಚಿ ಬೇಡ."

"ನೀರು ಕೊಡು ಕುಡೀತೀನಿ, ಕಷಾಯ ಕೊಡು ಕುಡೀತೀನಿ. ಅದು ಮಾತ್ರ ಬೇಡ."

"ಯಾಕೆ?"

"ಹುಳಿ. ಮೂಗಿಗೆ ಹೊಡೆಯುತ್ತೆ."

"ಕುಡಿದೇ ಇಲ್ವಲ್ಲ, ನಿಂಗೆ ಹೆಂಗೆ ಗೊತ್ತು?"

"ಮೂವತ್ತೊಂದು ವರ್ಷ ಮೂಸಿದೀನಿ, ಗೊತ್ತಿಲ್ವಾ?"

ಹುಳಿಯೊಂದೇ ತೊಂದರೆಯಾದರೆ ಅದಕ್ಕೆ ದಾರಿಯಿದೆ ಅಂದುಕೊಂಡೆ. ಆಚೆ ಊರುಗಳಲ್ಲಿ ಗುಳ್ಳೆ ವೈನಿಗೆ ಏನೇನೋ ಸೇರಿಸಿ ಕಾಕ್‌ಟೇಲ್ ಮಾಡುತ್ತಾರಂತೆ. ನಮ್ಮಲ್ಲೂ ಕೆಲವು ಮನೆಯವರು ಮಾಡುತ್ತಾರೆ, ಬೆರಕೆ ಅನ್ನುತ್ತಾರೆ. ನಾನು ಯಾವತ್ತೂ ಮಾಡಿದವನಲ್ಲ, ಬಾಟಲಿಯಿಂದ ಲೋಟಕ್ಕೆ, ಲೋಟದಿಂದ ಬಾಯಿಗೆ, ಅಷ್ಟೇ ನನ್ನ ವಿದ್ಯೆ. ಸೋಮವಾರ ಡಾಕ್ಟರನ್ನು ಹೋಗಿ ಕೇಳಿದೆ. ಬಿ.ಪಿ. ಇಲ್ಲ, ಮಾತ್ರೆ ಯಾವುದೂ ನಡೆಯುತ್ತಿಲ್ಲ, ಒಂದೆರಡು ಲೋಟಕ್ಕೆ ಏನೂ ಆಗುವುದಿಲ್ಲ ಅಂದರು. ಬರುವಾಗ ನಾಲ್ಕು ಬಾಟಲಿ ತಂದು ತಣ್ಣೀರಿನ ಹಂಡೆಯಲ್ಲಿ ಮುಳುಗಿಸಿಟ್ಟೆ.

ಮೊದಲನೆಯದು ನಿಂಬೆ ಶರಬತ್ತಿನ ಜೊತೆ. ಹುಳಿಗೆ ಹುಳಿ ಸೇರಿ, ಕುಸುಮಾ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡಳು. "ರೀ, ಇದನ್ನ ಹಿತ್ತಾಳೆ ಪಾತ್ರೆಗೆ ಹಾಕಿದ್ರೆ ಚೆನ್ನಾಗಿ ಬೆಳಗುತ್ತೆ" ಅಂದಳು. ಎರಡನೆಯದಕ್ಕೆ ಸಕ್ಕರೆ ಪಾಕ ಹಾಕಿ, ಚಮಚದಲ್ಲಿ ಗರಗರ ತಿರುಗಿಸಿದೆ. ಲೋಟದಿಂದ ನೊರೆ ಉಕ್ಕಿ ಮೇಜು, ನೆಲ ಎಲ್ಲ ಹರಿಯಿತು. ನಮ್ಮ ಬೆಕ್ಕು ಅದನ್ನು ನೆಕ್ಕಿತು. ಎರಡು ನಿಮಿಷದಲ್ಲಿ ಅದು ತೊಲೆಯ ಹತ್ತಿರ ತೇಲುತ್ತಾ ಊರೆಲ್ಲ ಕೇಳುವ ಹಾಗೆ ಕೂಗತೊಡಗಿತು. ಕುಸುಮಾ ಪೊರಕೆಯಿಂದ ಮೆಲ್ಲಗೆ ತಳ್ಳಿ ತಳ್ಳಿ ಬೀರುವಿನ ಮೇಲೆ ಇಳಿಸಿದಳು. ಅದು ಸಂಜೆಯ ತನಕ ಅಲ್ಲಿಂದ ಅಲುಗಲಿಲ್ಲ.

ಮುಂದಿನ ಕೋಣೆಯಿಂದ ಅಕ್ಕನ ದನಿ ಬಂತು. "ಅಚ್ಚೂ, ಚಮಚ ಯಾಕೋ ಹಾಕ್ತೀಯ? ಗುಳ್ಳೆ ಎಲ್ಲ ಸಾಯಿಸಿದೆ. ಪಾಕ ಮೊದಲು ಹಾಕು. ಲೋಟ ಓರೆ ಹಿಡಿ. ವೈನು ಪಕ್ಕದಿಂದ ಜಾರಿಸು, ಎತ್ತರದಿಂದ ಸುರೀಬೇಡ."

"ನೋಡದೆ ಹೇಗೆ ಹೇಳ್ತೀಯ?"

"ಕಿವಿ ಇಲ್ವಾ? ಸರಿಯಾಗಿ ಸುರಿದ್ರೆ ಸಣ್ಣ ಮಳೆ ಬಂದ ಹಾಗೆ ಸದ್ದು. ನೀನು ಸುರಿದದ್ದು ದೋಸೆ ಹುಯ್ದ ಹಾಗಿತ್ತು."

ಮಂಗಳವಾರದಿಂದ ನಾನು ಅಡುಗೆಮನೆಯ ಮೇಜನ್ನೇ ಎತ್ತಿ ಅವಳ ಮಂಚದ ಪಕ್ಕ ಇಟ್ಟುಕೊಂಡೆ. ಬೆಳಿಗ್ಗೆ ಹೊಲಿಗೆ, ಮಧ್ಯಾಹ್ನ ಬೆರಕೆ. ಕುಸುಮಾ ಪುನರ್ಪುಳಿಯ ಒಣ ಸಿಪ್ಪೆ ಕುದಿಸಿ ಕೊಟ್ಟಳು, ಬಣ್ಣ ಚೆಂದ ಬಂತು, ಅಕ್ಕ ಮೂಸಿ, "ಬರೀ ಬಣ್ಣ" ಅಂದಳು. ಸೊಗದೆ ಬೇರಿನ ಶರಬತ್ತು ಹಾಕಿದೆ, ಅದು ವೈನನ್ನೇ ನುಂಗಿ ಹಾಕಿತು. ಕಬ್ಬಿನ ಹಾಲು ಹಾಕಿದೆ, ಮೊದಲ ಗುಟುಕು ಬಹಳ ರುಚಿ, ಮೂರನೆಯದಕ್ಕೆ ಸಿಹಿ ಮುಖಕ್ಕೆ ಹೊಡೆಯಿತು. ಇನ್ನೊಂದು ತೊಂದರೆಯೂ ಇತ್ತು. ರುಚಿಗೆಂದು ಹೆಚ್ಚು ಸೇರಿಸಿದರೆ ವೈನಿಗೆ ಏಳಿಸುವ ಶಕ್ತಿ ಹೋಗುತ್ತಿತ್ತು. ಹಾಗಾಗಿ ಪ್ರತಿ ಬೆರಕೆಯನ್ನೂ ನಾನೇ ಕುಡಿದು ಗೋಡೆಯ ಹಗ್ಗ ಹಿಡಿದು ನಿಲ್ಲುವುದು, ಕುಸುಮಾ ಮಂಡಿಯೂರಿ ಕೂತು ನನ್ನ ಹಿಮ್ಮಡಿಯಿಂದ ನೆಲದವರೆಗೆ ಟೇಪು ಹಿಡಿಯುವುದು.

"ನಾಲ್ಕು ಇಂಚು."

"ಸಾಲದು" ಅನ್ನುತ್ತಿದ್ದಳು ಅಕ್ಕ. "ಮೆಟ್ಟಿಲಿಗೆ ತಾಗುತ್ತೆ. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಪಾಕ ಹಾಕಬೇಡ."

ಯಾರ ಕಾಲು ಮೆಟ್ಟಿಲಿಗೆ ತಾಗುತ್ತದೆ ಅಂತ ನಾನು ಕೇಳಲಿಲ್ಲ. ಕೇಳಿದರೆ, ನಾನು ಕುಡಿಯುವುದಿಲ್ಲ ಅಂತಲೇ ಉತ್ತರ ಬರುತ್ತಿತ್ತು. ಆದರೆ ಅವಳ ಮುಖಕ್ಕೆ ಬಣ್ಣ ಬಂದಿತ್ತು. ಎರಡು ವರ್ಷದಲ್ಲಿ ನಾವು ಮೂವರೂ ಅಷ್ಟು ನಕ್ಕಿರಲಿಲ್ಲ. ಅಂಗಡಿಗೆ ಬಂದ ಗಿರಾಕಿಗಳು ನಾನು ಅಳತೆ ಬರೆಯುವಾಗ ಮೇಲೆ ಕೆಳಗೆ ಆಡುವುದನ್ನು ಕಂಡು ನಕ್ಕರು.

ಗುರುವಾರ ಕುಸುಮಾ ಹಿತ್ತಲಿನಿಂದ ಒಂದು ಹೇರಳೆಕಾಯಿ ಕಿತ್ತು ತಂದಳು. ಬೆಲ್ಲದ ಪಾಕಕ್ಕೆ ಒಣಶುಂಠಿ, ಎರಡೇ ಎರಡು ಕಾಳುಮೆಣಸು ಜಜ್ಜಿ ಹಾಕಿ ಸೋಸಿದೆ. ಲೋಟ ಓರೆ ಹಿಡಿದು ವೈನು ಜಾರಿಸಿದೆ. ಹೇರಳೆಕಾಯಿಯ ಸಿಪ್ಪೆಯ ಒಂದು ಚೂರು ಕತ್ತರಿಸಿ ಲೋಟದ ಮೇಲೆ ಹಿಂಡಿದೆ. ಕಣ್ಣಿಗೆ ಕಾಣದಷ್ಟು ಎಣ್ಣೆ ಚಿಮ್ಮಿ ನೊರೆಯ ಮೇಲೆ ಕೂತಿತು. ಕೋಣೆ ತುಂಬ ಘಮ ಹರಡಿತು. ಅಕ್ಕ ಲೋಟ ಇಸಿದುಕೊಂಡಳು. ಮೂಗಿನ ಹತ್ತಿರ ತಂದಳು. ತುಟಿಯ ಹತ್ತಿರವೂ ತಂದಳು. ಆಮೇಲೆ ಕುಡಿಯದೆ ಕೆಳಗಿಟ್ಟಳು.

"ಚೆನ್ನಾಗಿದೆ" ಅಂದಳು. "ಇದರಲ್ಲಿ ತಪ್ಪೇನೂ ಇಲ್ಲ. ನಂಗೇ ಆಗಲ್ಲ, ಅಚ್ಚು."

ಕುಸುಮಾ ಏನೋ ಕೆಲಸದ ನೆಪ ಮಾಡಿ ಒಳಗೆ ಹೋದಳು. ಅಕ್ಕ ಕಿಟಕಿಯ ಕಡೆ ನೋಡುತ್ತಾ ಅಪ್ಪನ ಮಾತೆತ್ತಿದಳು.

ನಮ್ಮ ಅಪ್ಪನನ್ನು ಗಾಳಿ ಹೊತ್ತುಕೊಂಡು ಹೋಯಿತು ಅಂತ ಅಮ್ಮ ಹೇಳುತ್ತಿದ್ದಳು. ಆಗ ನನಗೆ ನಾಲ್ಕು ವರ್ಷ. ಅಪ್ಪ ಕೆರೆಯ ಏರಿಯ ಮೇಲೆ ನಾಲ್ಕು ಲೋಟ ಕುಡಿದಿದ್ದನಂತೆ, ಗಾಳಿ ಬಂತಂತೆ, ಹೋದನಂತೆ. ನಾನು ನಂಬಿಕೊಂಡು ಬೆಳೆದವನು. ಬಯಲಿನಲ್ಲಿ ಕುಡಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ ಮನೆಯವರು ಯಾರಾದರೂ ಹಿಡಿದುಕೊಂಡಿರುವುದು ನಮ್ಮೂರಿನ ಪದ್ಧತಿ. ಆವತ್ತು ಯಾರು ಹಿಡಿದಿದ್ದರು ಅಂತ ನಾನು ಯಾವತ್ತೂ ಕೇಳಿರಲಿಲ್ಲ.

"ನಾನು ಹಿಡಿದಿದ್ದೆ" ಅಂದಳು ಅಕ್ಕ. "ಹನ್ನೆರಡು ವರ್ಷ ನಂಗೆ. 'ಬಿಡು ಮಗಾ, ಐದು ನಿಮಿಷ ಅಷ್ಟೇ' ಅಂದ. ಬಿಟ್ಟೆ. ಕೈ ಬೀಸಿಕೊಂಡೇ ಹೋದ. ಕೆರೆಯಾಚೆ ಚುಕ್ಕೆಯಾದ. ಎಂಟು ವರ್ಷ ನಾನು ಅವನನ್ನ ಕೊಂದೆ ಅಂತಲೇ ತಿಳಕೊಂಡಿದ್ದೆ."

"ಆಮೇಲೆ?"

"ಆಮೇಲೆ ಒಂದು ದಿನ ಆಚೆ ಊರಿನ ಸಂತೆಗೆ ಹೋಗಿದ್ದೆ. ಬಾಚಣಿಗೆ ಮಾರ್ತಾ ಕೂತಿದ್ದ. ಪಕ್ಕದಲ್ಲಿ ಒಬ್ಬಳು ಹೆಂಗಸು, ಎರಡು ಮಕ್ಕಳು. ನನ್ನ ಗುರುತು ಹಿಡಿದ. 'ಅಮ್ಮ ಚೆನ್ನಾಗಿದಾಳಾ?' ಅಂದ. ಚೆನ್ನಾಗಿದಾಳೆ ಅಂದೆ. ಬಂದುಬಿಟ್ಟೆ. ಅಮ್ಮನಿಗೂ ಹೇಳಲಿಲ್ಲ, ನಿಂಗೂ ಹೇಳಲಿಲ್ಲ. ಸತ್ತಿದ್ರೆ ಒಂದು ಥರ. ಹೀಗೆ ಅಂದ್ರೆ ಏನಂತ ಹೇಳೋದು?"

ಎದ್ದು ಹೋಗಿ ಹೊಲಿಗೆ ಮಿಷನ್ನಿನ ಮುಂದೆ ಕೂತೆ. ಕೈಗೆ ಸಿಕ್ಕಿದ್ದು ಅಕ್ಕನ ಹಳೆಯ ನೀಲಿ ಹತ್ತಿ ಸೀರೆ, ಅದಕ್ಕೇ ಅಂಚು ಹಾಕತೊಡಗಿದೆ. ಒಂದೊಂದೇ ಸೀಸದ ಗುಂಡು ಇಟ್ಟು ಹೊಲಿದೆ. ಐವತ್ತಾರು ವರ್ಷದ ಗಂಡಸು ನಾನು, ನನಗೊಬ್ಬ ಅಪ್ಪ ಇದ್ದ, ಬಾಚಣಿಗೆ ಮಾರುತ್ತಿದ್ದ, ಬಹುಶಃ ನನಗೆ ಇನ್ನೂ ಇಬ್ಬರು ಒಡಹುಟ್ಟಿದವರಿದ್ದಾರೆ. ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಸೀರೆಯ ಒಂದು ಅಂಚು ಮುಗಿಯುವ ಹೊತ್ತಿಗೆ ಅಪ್ಪನ ವಿಷಯ ಹಿಂದೆ ಸರಿದಿತ್ತು. ಹನ್ನೆರಡು ವರ್ಷದ ಹುಡುಗಿ ಖಾಲಿ ಕೈಯಲ್ಲಿ ಏರಿಯ ಮೇಲೆ ನಿಂತಿರುವುದೇ ಕಣ್ಣ ಮುಂದಿತ್ತು.

ಸಂಜೆ ಸೀರೆ ಮಡಿಸಿಕೊಂಡು ಅವಳ ಹತ್ತಿರ ಹೋದೆ.

"ಹಗ್ಗ ನಾನು ಹಿಡೀತೀನಿ" ಅಂದೆ.

ಅವಳು ನನ್ನನ್ನೇ ನೋಡಿದಳು. "ನೀನು ಬಿಟ್ರೆ?"

"ಬಿಟ್ರೆ ಆಚೆ ಊರಲ್ಲಿ ಬಾಚಣಿಗೆ ಮಾರು. ಹಿತ್ತಾಳೆದು ಒಂದು ನಂಗೆ ತೆಗೆದಿಡು."

ಅವಳಿಗೆ ನಗು ಶುರುವಾಯಿತು ನೋಡಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. ಕುಸುಮಾ ಗಾಬರಿಯಾಗಿ ಓಡಿ ಬಂದಳು. ಅಕ್ಕ ಕಣ್ಣೊರೆಸಿಕೊಂಡು, "ಭಾನುವಾರ ಬೆಳಿಗ್ಗೆ. ಆ ಹೇರಳೆಕಾಯಿದೇ ಮಾಡು. ಮೆಣಸು ಒಂದೇ ಸಾಕು" ಅಂದಳು.

ಭಾನುವಾರ ಬೆಳಿಗ್ಗೆ ಕುಸುಮಾ ಅವಳಿಗೆ ನೀಲಿ ಸೀರೆ ಉಡಿಸಿ ಹೂ ಮುಡಿಸಿದಳು. ಮಂಚದ ಅಂಚಿಗೆ ಕೂರಿಸಿ, ಹತ್ತಿಯ ಹಗ್ಗವನ್ನು ಸೊಂಟಕ್ಕೆ ಎರಡು ಸುತ್ತು ಸುತ್ತಿ ನಾನು ಗಂಟು ಹಾಕಿದೆ, ಇನ್ನೊಂದು ತುದಿಯನ್ನು ನನ್ನ ಮುಂಗೈಗೆ ಸುತ್ತಿಕೊಂಡೆ. ಅಕ್ಕ ಕಷಾಯ ಕುಡಿಯುವವರ ಹಾಗೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿದಳು. ಮೂಗು ಬಿಟ್ಟಳು. ಇನ್ನೊಂದು ಗುಟುಕು ಕುಡಿದಳು. ಆಮೇಲೆ ಲೋಟ ಖಾಲಿಯಾಗುವ ತನಕ ಕೆಳಗಿಡಲಿಲ್ಲ.

ಮೊದಲು ಹಾಸಿಗೆಯ ಕುಳಿ ತುಂಬಿಕೊಂಡಿತು. ಆಮೇಲೆ ಅವಳಿಗೂ ಹಾಸಿಗೆಗೂ ನಡುವೆ ಬೆಳಕು ಕಂಡಿತು. ಕುಸುಮಾ ಎರಡೂ ಕೈ ಹಿಡಿದು ಮೆಲ್ಲಗೆ ಮೇಲಕ್ಕೆ ಸೆಳೆದಳು; ಸೋತ ಕಾಲುಗಳು ಸಡಿಲವಾಗಿ ನೇತುಬಿದ್ದು ನೆಟ್ಟಗಾದವು. ಎರಡು ವರ್ಷದ ಮೇಲೆ ನನ್ನ ಅಕ್ಕ ನನಗಿಂತ ಎತ್ತರ ನಿಂತಿದ್ದಳು. ಸುತ್ತ ಕಣ್ಣಾಡಿಸಿ ಅವಳು ಮೊದಲು ಹೇಳಿದ್ದು, "ಕುಸುಮಾ, ಬೀರುವಿನ ಮೇಲೆ ಇಷ್ಟು ಧೂಳಾ?"

"ಅತ್ತಿಗೆ, ನಿಮ್ಮನ್ನ ಮೇಲೆ ಕಳಿಸಿದ್ದು ಇದಕ್ಕಾ?" ಅಂದಳು ಕುಸುಮಾ, ಅಳುತ್ತಲೇ.

ನಮ್ಮ ಮನೆಯಿಂದ ನೆಲಮಾಳಿಗೆಗೆ ಇನ್ನೂರ ಹನ್ನೆರಡು ಮೆಟ್ಟಿಲು. ಕುಸುಮಾ ಮುಂದೆ, ಅಕ್ಕನ ಕೈ ಹಿಡಿದುಕೊಂಡು. ನಾನು ಹಿಂದೆ, ಒಂದು ಕೈಯಲ್ಲಿ ಹಗ್ಗದ ಸುರುಳಿ, ಹೆಗಲಿಗೆ ಚೀಲ. ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಬಾಟಲಿ, ಪಾಕದ ಶೀಷೆ, ಒಂದು ಲೋಟ, ಸಿಪ್ಪೆ. ಮೆಟ್ಟಿಲಿಗೆ ಮೆಟ್ಟಿಲು ಅವಳನ್ನು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸೆಳೆದುಕೊಳ್ಳಬೇಕು, ಭಾರವೇನಿಲ್ಲ, ನೆನೆದ ಬಟ್ಟೆಯಷ್ಟು. ಆದರೆ ಅವಳು ಎಲ್ಲ ಬಾಗಿಲಲ್ಲೂ ನಿಲ್ಲಿಸಿದಳು. ಈ ಮನೆಗೆ ಯಾವಾಗ ಹಸಿರು ಬಣ್ಣ ಹೊಡೆದರು, ಈ ಬಾವಿಗೆ ಯಾಕೆ ಬಲೆ ಹಾಕಿದ್ದಾರೆ, ಆ ಸೀಬೆ ಮರ ಏನಾಯಿತು. ಕಿಟಕಿಗಳಿಂದ ಜನ ನೋಡಿದರು. ಒಬ್ಬ ಅಜ್ಜಿ, "ತುಂಗಮ್ಮ ಮೇಲೆದ್ದಾಳೆ ನೋಡ್ರೋ" ಅಂತ ಕೂಗಿದಳು.

ತೊಂಬತ್ತು ಮೆಟ್ಟಿಲು ದಾಟುವ ಹೊತ್ತಿಗೆ ಅವಳ ಹೆಬ್ಬೆರಳು ಕಲ್ಲಿಗೆ ತಾಗಿತು. ಮಾತಿನಲ್ಲೇ ಹೊತ್ತು ಕಳೆದಿತ್ತು. ಕುಸುಮಾ ಅವಳ ನಡು ಹಿಡಿದು ನಿಂತಳು. ಹಗ್ಗ ಮುಂಗೈಗೆ ಸುತ್ತಿಕೊಂಡೇ ನಾನು ಯಾರದೋ ಜಗಲಿಯ ಮೇಲೆ ಲೋಟ ಇಟ್ಟು ಪಾಕ ಹಾಕಿದೆ, ಬಿರಡೆ ಕಿತ್ತೆ. ಹೊತ್ತುಕೊಂಡು ಬಂದ ಬಾಟಲಿ ಕುಲುಕಿತ್ತು. ನೊರೆ ನನ್ನ ಮುಖಕ್ಕೇ ಬಂತು. ಅವಸರದಲ್ಲಿ ಸುರಿದೆ, ಅರ್ಧ ಚೆಲ್ಲಿತು. ಅಷ್ಟರಲ್ಲಿ ಅವಳ ಪಾದ ಪೂರ್ತಿ ನೆಲಕ್ಕೆ ಊರಿತ್ತು, ಕುಸುಮಾ ಭಾರಕ್ಕೆ ಬಾಗುತ್ತಿದ್ದಳು.

"ಅಚ್ಚು" ಅಂದಳು ಅಕ್ಕ, ಒಂಚೂರೂ ಗಾಬರಿಯಿಲ್ಲದೆ. "ಉಸಿರು ಬಿಡು. ಲೋಟ ಓರೆ ಮಾಡು. ಹಾ. ಈಗ ಜಾರಿಸು. ಇನ್ನೂ ನಿಧಾನ. ಕೇಳಿಸ್ತಾ?"

ಕೇಳಿಸಿತು. ಸಣ್ಣ ಮಳೆ. ಕುಡಿದಳು, ಸ್ವಲ್ಪ ಹೊತ್ತಿಗೆ ಎದ್ದಳು. ಮುಂದಕ್ಕೆ ಮಾತಿಗೆ ನಿಲ್ಲಲಿಲ್ಲ.

ನೂರೈವತ್ತನೆಯ ಮೆಟ್ಟಿಲ ಹತ್ತಿರ ದಾರಿ ತಿರುಗುತ್ತದೆ. ಅಲ್ಲಿ ಒಂದು ಬದಿಗೆ ಮೊಳಕಾಲೆತ್ತರದ ಗೋಡೆ, ಅದರಾಚೆ ಬರೀ ಇಳಿಜಾರು, ಕೆಳಗೆ ಕೆರೆ. ತಿರುವಿಗೆ ಬರುತ್ತಿದ್ದ ಹಾಗೆ ಗಾಳಿ ಬೀಸಿತು. ಕುಸುಮಾಳ ಕೈಯಿಂದ ಅಕ್ಕನ ಕೈ ಜಾರಿತು. ನೋಡನೋಡುತ್ತಿದ್ದಂತೆ ಅವಳು ಗೋಡೆ ದಾಟಿ ಆಚೆಗೆ ತೇಲಿದಳು. ಕಾಲ ಕೆಳಗಿನ ನೆಲ ಇಳಿದುಹೋದದ್ದು ವೈನಿಗೆ ಗೊತ್ತಾಗುವುದಿಲ್ಲ, ಅದು ಅವಳನ್ನು ಅಷ್ಟೇ ಎತ್ತರಕ್ಕೆ ಹಿಡಿದುಕೊಂಡಿತ್ತು. ಹಗ್ಗ ನನ್ನ ಅಂಗೈ ಸುಡುತ್ತಾ ಸರಸರ ಜಾರಿ ಮುಂಗೈಯ ಸುತ್ತಿಗೆ ಬಂದು ಬಿಗಿಯಿತು. ನಾನು ಗೋಡೆಗೆ ಮಂಡಿ ಕೊಟ್ಟು ನಿಂತೆ. ಕುಸುಮಾ ಹಿಂದಿನಿಂದ ನನ್ನ ಸೊಂಟ ತಬ್ಬಿದಳು.

ಅಕ್ಕ ಕೂಗಲಿಲ್ಲ. ಹತ್ತು ಮಾರು ದೂರದಲ್ಲಿ, ಕೆರೆಯ ನೆತ್ತಿಯ ಮೇಲೆ, ಸೀರೆಯ ಅಂಚು ಕಾಲಿಗೆ ನೆಟ್ಟಗೆ ಇಳಿಬಿದ್ದು, ಆಚೆ ದಡದ ಕಡೆ ಮುಖ ಮಾಡಿ ನಿಂತಿದ್ದಳು. ಆಚೆ ಊರಿನ ಮಾಡುಗಳು ಬಿಸಿಲಿಗೆ ಕೆಂಪಗೆ ಕಾಣುತ್ತಿದ್ದವು. ಎಷ್ಟು ಹೊತ್ತೋ. ಗಾಳಿ ಕಡಿಮೆಯಾದ ಮೇಲೆ ನಾನು ಗೇಣು ಗೇಣಾಗಿ ಎಳೆದೆ. ಗೋಡೆಯ ಈಚೆ ಬಂದಾಗ ಅವಳ ಕೂದಲೆಲ್ಲ ಕೆದರಿತ್ತು.

"ಹೆದರಿಕೆ ಆಯ್ತಾ ಅಕ್ಕ?"

"ಇಲ್ಲ" ಅಂದಳು. "ಎಷ್ಟು ಹಗುರ ಅಂತೀಯ. ಅವನು ಯಾಕೆ ಹೋದ ಅಂತ ಗೊತ್ತಾಯ್ತು." ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ವಾಪಸ್ಸು ಬರಬೇಕಿತ್ತು" ಅಂದಳು.

ಮೊದಲೇ ಹೇಳಿ ಕಳಿಸಿದ್ದರಿಂದ ನೆಲಮಾಳಿಗೆಯ ಬಾಗಿಲಲ್ಲಿ ಫಿಲೋಮಿನಾ ಬಾಯಿ ಕಾಯುತ್ತಿದ್ದರು. ಮ್ಯಾನೇಜರ್ ಸಂಪತ್ ಕೂಡ ಇದ್ದರು, ಮೂವತ್ತು ದಾಟಿರದ ಮನುಷ್ಯ, ಅಕ್ಕನನ್ನು ಕಂಡು ಎದ್ದು ನಿಂತು ಕೈ ಮುಗಿದರು. ಒಳಗೆ ತಂಪು, ಹಳೆಯ ಮರದ ವಾಸನೆ. ಮೂಲೆಯಲ್ಲಿ ದೊಡ್ಡ ಕಬ್ಬಿಣದ ಪಂಜರಗಳ ಹಾಗಿದ್ದ ಮೆಷಿನ್ನು ಪ್ಲಾಸ್ಟಿಕ್ ಹೊದ್ದು ಕೂತಿತ್ತು. ಹಲಗೆಗಳಲ್ಲಿ ಕೊನೆಯ ಬಾಟಲಿಗಳು ಕತ್ತು ತಗ್ಗಿಸಿ ಕಾದಿದ್ದವು.

ಅಕ್ಕನನ್ನು ಅವಳ ಸಾಲಿನ ಮುಂದೆ ತಂದು ನಿಲ್ಲಿಸಿದೆ. ಅವಳು ಕೈ ಚಾಚಿ ಎರಡು ಬಾಟಲಿಯ ಬುಡ ಹಿಡಿದಳು. ಟಕ್ ಟಕ್. ಮುಂದಿನೆರಡು. ಟಕ್ ಟಕ್. ಎದುರು ಸಾಲಿನಲ್ಲಿ ಫಿಲೋಮಿನಾ ಬಾಯಿ ಶುರು ಮಾಡಿದರು. ಇಬ್ಬರೂ ಬೆನ್ನಿಗೆ ಬೆನ್ನು ಮಾಡಿ, ಒಬ್ಬರನ್ನೊಬ್ಬರು ನೋಡದೆ, ಒಂದೇ ತಾಳಕ್ಕೆ ಸಾಲಿನುದ್ದಕ್ಕೂ ಸಾಗಿದರು. ನಾನು ಹಗ್ಗ ಸಡಿಲ ಬಿಡುತ್ತಾ ಹಿಂದೆ ಹಿಂದೆ ನಡೆದೆ. ಮೇಲಿನ ಸಾಲಿಗೆ ಮುಂಚೆ ಅವಳಿಗೆ ಮಣೆ ಬೇಕಾಗುತ್ತಿತ್ತಂತೆ. "ಫಿಲ್ಲೂ, ನೋಡೆ, ಮಣೆ ಇಲ್ಲದೆ!" ಅಂದಳು, ಶಾಲೆಗೆ ಹೋಗುವ ಹುಡುಗಿಯ ದನಿಯಲ್ಲಿ.

ಕೊನೆಯ ಬಾಟಲಿ ಆದ ಮೇಲೆ ಕೈ ಒರೆಸಿಕೊಂಡು ಮೆಷಿನ್ನಿನ ಹತ್ತಿರ ಹೋದಳು. ಸುತ್ತ ನೋಡಿದಳು. "ಇದು ಮೊದಲು ಯಾವ ಕಡೆ ತಿರುಗುತ್ತೆ?" ಅಂತ ಸಂಪತ್ ಅವರನ್ನು ಕೇಳಿದಳು.

"ಅದು ನಾವು ಹೇಳಿದ ಹಾಗಮ್ಮ. ಸೆಟ್ ಮಾಡಬಹುದು."

"ಎಡಕ್ಕೆ ಮೊದಲು ಹೇಳಿ. ಎಡಕ್ಕೆ ಒಂದು, ಬಲಕ್ಕೆ ಒಂದೂವರೆ. ಇಲ್ಲದಿದ್ರೆ ಗಸಿ ಪಕ್ಕಕ್ಕೆ ಅಂಟಿಕೊಳ್ಳುತ್ತೆ."

ಸಂಪತ್ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡರು. ನಿಜವಾಗಿ ಹಾಗೇ ಸೆಟ್ ಮಾಡಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಾರನೆಯ ದಿನ ಹಲಗೆಗಳನ್ನು ತೆಗೆದರು, ಅದು ಗೊತ್ತು. ಅಕ್ಕ ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

ಹೊರಗೆ ಬಂದಾಗ ನಾನು ಕೆಳಗಿಳಿಯುವ ದಾರಿಗೆ ತಿರುಗಿದೆ. ಅಕ್ಕ ಹಗ್ಗ ಎಳೆದಳು. "ಎಲ್ಲಿಗೆ? ಇವಳ ಮನೆ ಹತ್ತೇ ಮೆಟ್ಟಿಲು. ಮೂವತ್ತೊಂದು ವರ್ಷ ಪಕ್ಕದಲ್ಲಿದ್ದೂ ಒಂದು ದಿನ ಹೋಗಿಲ್ಲ. ಕೆಲಸ ಮುಗೀತಿದ್ದ ಹಾಗೆ ಕೋಣೆ ಸೇರ್ಕೊಂಡು ಬಿಡ್ತಿದ್ದೆ."

"ನಾನೇನು ಕರೀಲಿಲ್ವಾ?" ಅಂದರು ಫಿಲೋಮಿನಾ ಬಾಯಿ. "ಪ್ರತಿ ಕ್ರಿಸ್ಮಸ್ಸಿಗೂ ಕರೆದೆ."

"ಕರೆದೆ. ನಾನೇ ಬರಲಿಲ್ಲ. ಈಗ ಬಂದೆ, ಬಾಗಿಲು ತೆಗಿ."

ಅವರ ಮನೆಯ ಜಗಲಿಯಲ್ಲಿ ಬೆತ್ತದ ಕುರ್ಚಿಯಿತ್ತು. ಅಕ್ಕ ಅದರ ಮೇಲೆ ತೇಲುತ್ತಾ ನಿಂತು, ಇಳಿಯುವ ಹೊತ್ತಾದಾಗ ನೀರಿಗೆ ಎಲೆ ಕೂರುವ ಹಾಗೆ ಕುರ್ಚಿಗೆ ಕೂತಳು. ಮಧ್ಯಾಹ್ನ ಮೀನು ಸಾರು, ಅನ್ನ. ಅಕ್ಕನಿಗೆಂದು ಬದನೆಕಾಯಿ ಗೊಜ್ಜು. ಊಟವಾದ ಮೇಲೆ ನಾನು ಗಡಿಯಾರ ನೋಡತೊಡಗಿದೆ. ಕುಸುಮಾ ಕಣ್ಣಲ್ಲೇ ಸುಮ್ಮನಿರಿ ಅಂದಳು. ಕೊನೆಗೆ ಅಕ್ಕನೇ, "ನೀವಿಬ್ಬರೂ ಹೊರಡಿ. ನಾನು ಎರಡು ದಿನ ಇದ್ದು ಬರ್ತೀನಿ" ಅಂದಳು. ನಾವು ಇಳಿದು ಬಂದೆವು. ದಾರಿಯಲ್ಲಿ ಕುಸುಮಾ ನನ್ನ ಸುಟ್ಟ ಅಂಗೈಯನ್ನು ತನ್ನ ಸೆರಗಿನಿಂದ ಸುತ್ತಿ ಹಿಡಿದುಕೊಂಡಿದ್ದಳು.

ಎರಡು ದಿನ ಅಂದವಳು ಹನ್ನೊಂದು ದಿನ ಇದ್ದಳು. ಈಗ ವಾರದಲ್ಲಿ ನಾಲ್ಕು ದಿನ ನಮ್ಮ ಮನೆ, ಮೂರು ದಿನ ಅಲ್ಲಿ. ಹೋಗುವ ದಿನ, ಬರುವ ದಿನ ನಾನು ಬೆರಕೆ ಮಾಡುತ್ತೇನೆ. ಊರವರು ಕೆಲವರು ಕಲಿಸಿಕೊಡು ಅಂತ ಬರುತ್ತಾರೆ. ಲೋಟ ಓರೆ ಹಿಡಿಯಿರಿ ಅನ್ನುತ್ತೇನೆ, ಬೇರೆ ಗುಟ್ಟೇನೂ ಇಲ್ಲ.

ಹೋದ ವಾರ ಅವಳನ್ನು ಕರೆತರಲು ಹೋದಾಗ ಇಬ್ಬರೂ ಜಗಲಿಯ ಮೇಲೆ ಒಂದು ಸ್ಟೂಲಿನ ಎದುರು ತಲೆ ಬಗ್ಗಿಸಿ ಕೂತಿದ್ದರು. ಸ್ಟೂಲಿನ ಮೇಲೆ ವೈನು ತುಂಬಿದ ಗಾಜಿನ ಲೋಟ, ಅದರೊಳಗೆ ಎರಡು ಒಣದ್ರಾಕ್ಷಿ. ದ್ರಾಕ್ಷಿ ತಳಕ್ಕೆ ಹೋಗಿ ಕೂರುತ್ತದೆ, ಸುತ್ತಲೂ ಗುಳ್ಳೆ ಅಂಟಿಕೊಳ್ಳುತ್ತವೆ, ಮೆಲ್ಲಗೆ ಮೇಲೇಳುತ್ತದೆ. ಮೇಲೆ ಬಂದು ಗುಳ್ಳೆ ಒಡೆದರೆ ಮತ್ತೆ ಕೆಳಗೆ. ಕರಿಯದು ಅಕ್ಕನದು, ಹಳದಿಯದು ಫಿಲೋಮಿನಾ ಬಾಯಿಯದು.

"ಹೊರಡೋಣ್ವಾ ಅಕ್ಕ? ಬಿಸಿಲು ಇಳೀತಾ ಇದೆ" ಅಂದೆ.

"ಶ್" ಅಂದಳು, ಲೋಟದಿಂದ ಕಣ್ಣು ತೆಗೆಯದೆ. "ಇವಳದು ಆರು ಸಲ ಮೇಲೆ ಬಂತು, ನಂದು ಐದು. ಇದೊಂದು ಮುಗೀಲಿ."

ಫಿಲೋಮಿನಾ ಬಾಯಿ ನನಗೆ ಕೂರಲು ಚಾಪೆ ತೋರಿಸಿದರು. ಕೂತೆ. ಕರಿ ದ್ರಾಕ್ಷಿ ತಳದಲ್ಲಿ ಒಂದು ಸಲ ಅಲುಗಿತು.